ರಾಜ್ಯ ರಾಜ್ಯ ಸುತ್ತಿ ಮತದ ಹಕ್ಕು ಗೆದ್ದ ಹೆಂಗಸರು: ಖರ್ಚಿಗೆ ದುಡ್ಡು ಎಲ್ಲಿಂದ ಬಂತು?

ಖಜಾಂಚಿ ತಿಪಟೂರು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಇಲ್ಲಿ ಕೇಳೋಣ ಅನ್ನಿಸಿತು.

ನಾನು ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷ ಆಯ್ತು. ಹೋದ ವರ್ಷ ನಮ್ಮ ಬೀದಿಗೆ ಕುಡಿಯುವ ನೀರಿನ ಪೈಪ್ ಹಾಕಿಸಿ ಅಂತ ಅರ್ಜಿ ಹಿಡಿದು ಒಂದು ಕಚೇರಿಗೆ ಏಳು ಸಲ ಹೋದೆವು. ಮೊದಲ ಸಲ ಹದಿನಾಲ್ಕು ಜನ ಇದ್ದೆವು. ಏಳನೇ ಸಲಕ್ಕೆ ಮೂರೇ ಜನ. ಯಾರಿಗೂ ಸಿಟ್ಟು ಇಳಿದಿರಲಿಲ್ಲ. ಬಸ್ಸೇನೋ ಈಗ ಫ್ರೀ. ಆದರೆ ದಿನದ ಕೂಲಿ ಹೋಗುತ್ತಲ್ಲ, ಅದನ್ನು ತುಂಬಿ ಕೊಡುವವರು ಯಾರು? ಅವತ್ತಿನಿಂದ ಯಾವ ಹೋರಾಟದ ಕಥೆ ಓದಿದರೂ ನನಗೆ ಮೊದಲು ಬರುವ ಪ್ರಶ್ನೆ ಇದೇ.

ಅಮೆರಿಕದ ಹೆಂಗಸರಿಗೆ 1920ರಲ್ಲಿ ಮತದಾನದ ಹಕ್ಕು ಬಂತು ಅಂತ ಶಾಲೆಯಲ್ಲಿ ಓದಿದ್ದೆ. ಒಂದು ಸಾಲು ಅಷ್ಟೇ. ಈಗ ಓದುತ್ತಾ ಹೋದರೆ, ಅದು ರಾಜ್ಯ ರಾಜ್ಯಕ್ಕೂ ಹೋಗಿ ಕೇಳಿ ಪಡೆದದ್ದು. ಚಳವಳಿಯ ಮುಂದಾಳು ಕ್ಯಾರಿ ಚಾಪ್‌ಮನ್ ಕ್ಯಾಟ್ ಕೊನೆಗೆ ಕೂತು ಲೆಕ್ಕ ಹಾಕಿದರು. 52 ವರ್ಷದಲ್ಲಿ ಗಂಡು ಮತದಾರರ ಮುಂದೆ 56 ಸಲ ಹೋಗಿದ್ದಾರೆ. ಈ ವಿಷಯವನ್ನು ಮತಕ್ಕೆ ಹಾಕಿ ಅಂತ ರಾಜ್ಯಗಳ ಶಾಸನಸಭೆಗಳನ್ನು ಕೇಳಲು 480 ಪ್ರಚಾರ. ಪಕ್ಷಗಳ ರಾಜ್ಯ ಸಮ್ಮೇಳನಗಳಲ್ಲಿ 277. ಒಂದಾದ ಮೇಲೆ ಒಂದರಂತೆ ಬಂದ ಹತ್ತೊಂಬತ್ತು ಕಾಂಗ್ರೆಸ್‌ಗಳ (ಕಾಂಗ್ರೆಸ್ ಅಂದರೆ ಅಲ್ಲಿಯ ಸಂಸತ್ತು) ಮುಂದೆ 19.

480 ಪ್ರಚಾರ ಅಂದರೆ ಎಷ್ಟು ರೈಲು ಟಿಕೆಟ್, ಎಷ್ಟು ಸಭಾಂಗಣದ ಬಾಡಿಗೆ, ಎಷ್ಟು ಅಂಚೆ ಖರ್ಚು? ಸ್ವಂತ ಅಂತ ನಾಲ್ಕು ಕಾಸು ಕೈಯಲ್ಲಿ ಇಲ್ಲದ ಹೆಂಗಸರೇ ಜಾಸ್ತಿ ಇದ್ದ ಕಾಲ. ದುಡ್ಡು ಎಲ್ಲಿಂದ ಬಂತು? ಗೊತ್ತಿದ್ದವರು ದಯವಿಟ್ಟು ಹೇಳಿ.

ಧಾರವಾಡದ ಮೇಷ್ಟ್ರು

ಛಲೋ ಪ್ರಶ್ನೆ ಕೇಳಿದಿರಿ ತಂಗಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿಯೂ ಇದನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾನ್ಸಸ್‌ನಿಂದ ಶುರು ಮಾಡಬೇಕು. 1867. ಅಲ್ಲಿ ಒಂದೇ ಚುನಾವಣೆಯಲ್ಲಿ ಎರಡು ಪ್ರಶ್ನೆ ಮತಕ್ಕೆ ಬಂದವು. ಕಪ್ಪು ಗಂಡಸರಿಗೆ ಮತ ಕೊಡಬೇಕೇ ಅಂತ ಒಂದು, ಹೆಂಗಸರಿಗೆ ಕೊಡಬೇಕೇ ಅಂತ ಇನ್ನೊಂದು. ಲೂಸಿ ಸ್ಟೋನ್ ಮತ್ತು ಅವರ ಗಂಡ ಹೆನ್ರಿ ಬ್ಲ್ಯಾಕ್‌ವೆಲ್ ಮೊದಲು ಬಂದು ಊರೂರು ತಿರುಗಿದರು. ಆಮೇಲೆ ಸೂಸನ್ ಬಿ. ಆಂಥನಿ, ಎಲಿಜಬೆತ್ ಕೇಡಿ ಸ್ಟಾಂಟನ್ ಬಂದರು. ಗುಲಾಮಗಿರಿ ವಿರೋಧಿ ಹೋರಾಟದಲ್ಲಿ ಜೊತೆಗಿದ್ದ ಹಳೆಯ ಗೆಳೆಯರು ಬಹಳ ಮಂದಿ ಈ ಸಲ ಹಿಂದೆ ಸರಿದರು. ಕಪ್ಪು ಗಂಡಸರಿಗೆ ಮೊದಲು ಆಗಲಿ, ನಿಮ್ಮದು ಆಮೇಲೆ ನೋಡೋಣ ಅಂದರು. ಗಂಟು ಬರಿದಾಗಿತ್ತು.

ಅಂಥ ಹೊತ್ತಿನಲ್ಲಿ ಜಾರ್ಜ್ ಫ್ರಾನ್ಸಿಸ್ ಟ್ರೇನ್ ಅನ್ನುವ ಶ್ರೀಮಂತ ಬಂದ. ಹೆಂಗಸರ ಪರ ಜೋರಾಗಿ ಮಾತಾಡಿದ, ಖರ್ಚು ಮಾಡಿದ. ಆದರೆ ಅದೇ ವೇದಿಕೆಯಲ್ಲಿ ನಿಂತು ಕಪ್ಪು ಜನರನ್ನು ಹೀನಾಯವಾಗಿ ಅಂದ. ಆಂಥನಿ, ಸ್ಟಾಂಟನ್ ಅವನ ಜೊತೆ ವೇದಿಕೆ ಹತ್ತಿದರು. ಫಲಿತಾಂಶ ಬಂದಾಗ ಎರಡೂ ಪ್ರಶ್ನೆ ಬಿದ್ದಿದ್ದವು. ಹೆಂಗಸರ ಪರ 9,070 ಮತ, ವಿರುದ್ಧ 19,857.

ಅಲ್ಲಿಗೂ ಮುಗಿಯಲಿಲ್ಲ. ಮರುವರ್ಷ ಅವನ ದುಡ್ಡಿನಲ್ಲೇ ಪತ್ರಿಕೆ ಶುರು ಮಾಡಿದರು. ಅವನು ಪರದೇಶಕ್ಕೆ ಹೋದ, ದುಡ್ಡು ನಿಂತಿತು. ಪತ್ರಿಕೆ ಕೈಬಿಡುವ ಹೊತ್ತಿಗೆ 10,000 ಡಾಲರ್ ಸಾಲ. ಅದನ್ನು ಆಂಥನಿ ಒಬ್ಬರೇ ತಲೆ ಮೇಲೆ ಹೊತ್ತುಕೊಂಡರು. ಊರೂರಿಗೆ ಹೋಗಿ ಭಾಷಣ ಮಾಡಿ, ಬಂದ ಫೀಸಿನಲ್ಲಿ ತೀರಿಸುತ್ತಾ ಬಂದರು. ಕೊನೆಯ ಕಾಸು ತೀರಿದ್ದು 1876ರಲ್ಲಿ. ಈ ನಡುವೆ, 1869ರಲ್ಲಿ, ಚಳವಳಿಯೇ ಎರಡು ಸಂಘವಾಗಿ ಒಡೆಯಿತು. ಟ್ರೇನ್ ಒಬ್ಬನೇ ಕಾರಣ ಅಲ್ಲ. ಆದರೆ ಅವನೂ ಒಂದು ಕಾರಣ. ಮತ್ತೆ ಒಂದಾಗಲು 1890 ಆಯಿತು.

ಆಂಥನಿ ಅವರ ಮೇಲೆ ನನಗೆ ಬಹಳ ಗೌರವ. ಆದರೂ ಅವನ ದುಡ್ಡು ಮುಟ್ಟಬಾರದಿತ್ತು ಅಂತಲೇ ನನ್ನ ಅಭಿಪ್ರಾಯ.

ಖಜಾಂಚಿ ತಿಪಟೂರು

ಸರ್, ಓದಿ ಸುಮ್ನೆ ಕೂತುಬಿಟ್ಟೆ. ಒಬ್ಬ ಹೆಂಗಸು ಅಷ್ಟು ವರ್ಷ ಸಾಲ ತೀರಿಸಿದ್ದು! ನಮ್ಮ ಸಂಘದಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದವರು ತುಂಬುತ್ತೇವೆ. ಅವರಿಗೆ ಹಾಗೆ ತುಂಬುವವರು ಇರಲಿಲ್ಲ ಅಲ್ವಾ.

ಬಿಎ ಎರಡನೇ ವರ್ಷ

ಮೇಷ್ಟ್ರೇ, ಒಂದು ಸಂದೇಹ. ದೇಶಕ್ಕೆಲ್ಲ ಒಂದೇ ಕಾನೂನು ಕೇಳಬಹುದಿತ್ತಲ್ಲ? ರಾಜ್ಯ ರಾಜ್ಯ ಯಾಕೆ ಅಲೆದರು?

ಧಾರವಾಡದ ಮೇಷ್ಟ್ರು

ಯಾರು ಮತದಾರ ಅಂತ ತೀರ್ಮಾನ ಮಾಡುವುದು ಅಲ್ಲಿ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿತ್ತು ತಮ್ಮಾ. ದೇಶದ ಸಂವಿಧಾನಕ್ಕೆ ತಿದ್ದುಪಡಿ ತರಬೇಕಾದರೆ ಕಾಂಗ್ರೆಸ್‌ನ ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಬೇಕು, ಆಮೇಲೆ ನಾಲ್ಕರಲ್ಲಿ ಮೂರು ಪಾಲು ರಾಜ್ಯ ಒಪ್ಪಬೇಕು. ಹೆಂಗಸರ ಮತ ಬೇಕಾದ ಸಂಸದರೇ ಇಲ್ಲದಿದ್ದರೆ ಅಲ್ಲಿ ಕೇಳುವವರು ಯಾರು? ಹಾಗಾಗಿ ಮೊದಲು ರಾಜ್ಯಗಳಲ್ಲಿ ಗೆಲ್ಲಬೇಕಿತ್ತು.

ರಾಜ್ಯದಲ್ಲಿ ಗೆಲ್ಲುವುದೂ ಸಲೀಸಲ್ಲ. ನ್ಯೂಯಾರ್ಕಿನಲ್ಲಿ ಬೆನ್ನುಬೆನ್ನಿಗೆ ಎರಡು ಶಾಸನಸಭೆ ಒಪ್ಪಿದ ಮೇಲಷ್ಟೇ ವಿಷಯ ಜನರ ಮುಂದೆ ಬರುತ್ತಿತ್ತು. ಸೋತರೆ ಮತ್ತೆ ಮೊದಲಿನಿಂದ. ಓಕ್ಲಹೋಮಾದಲ್ಲಿ ಇನ್ನೂ ಕಷ್ಟ. ಆ ಚುನಾವಣೆಯಲ್ಲಿ ಬಿದ್ದ ಒಟ್ಟು ಮತದಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಯಾರಾದರೂ ಈ ಪ್ರಶ್ನೆಗೆ ಗುರುತು ಹಾಕದೆ ಖಾಲಿ ಬಿಟ್ಟರೆ ಅದು ಬೇಡ ಅಂದ ಹಾಗೆಯೇ ಲೆಕ್ಕ. ಅಲ್ಲಿ 1918ರಲ್ಲಿ ಗೆದ್ದರು. ಬೇಡ ಅನ್ನುವವರನ್ನು ಒಪ್ಪಿಸಿದರೆ ಸಾಲದು, ಸುಮ್ಮನಿರುವವರ ಕೈಯಲ್ಲೂ ಗುರುತು ಹಾಕಿಸಬೇಕಿತ್ತು.

ಫಿಲಡೆಲ್ಫಿಯಾ ಕನ್ನಡತಿ

ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿ ವ್ಯಾಲಿ ಫೋರ್ಜ್ ಇದೆ. ಅಲ್ಲಿಯ ವಾಷಿಂಗ್ಟನ್ ಮೆಮೋರಿಯಲ್ ಚಾಪೆಲ್‌ನಲ್ಲಿ ಒಂದು ದೊಡ್ಡ ಕಂಚಿನ ಗಂಟೆ ಇಟ್ಟಿದ್ದಾರೆ. ಊರಿಂದ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಗಂಟೆ ನೋಡಿದ ಅಭ್ಯಾಸಕ್ಕೆ ಅಮ್ಮನ ಕೈ ತಾನಾಗಿಯೇ ಮೇಲೆ ಹೋಯಿತು. ಇದು ಬಾರಿಸುವ ಗಂಟೆ ಅಲ್ಲಮ್ಮ, ಬಾರಿಸದೆ ಊರೆಲ್ಲ ತಿರುಗಿದ ಗಂಟೆ ಅಂದೆ.

1915ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹೆಂಗಸರ ಮತದ ಪ್ರಶ್ನೆ ಜನರ ಮುಂದೆ ಬಂತು. ಕ್ಯಾಥರೀನ್ ರುಶೆನ್‌ಬರ್ಗರ್ ಅನ್ನುವವರು ತಮ್ಮ ಕೈಯಿಂದ 2,000 ಡಾಲರ್ ಕೊಟ್ಟು, ಫಿಲಡೆಲ್ಫಿಯಾದ ಹೆಸರಾದ ಲಿಬರ್ಟಿ ಬೆಲ್‌ನ ಹಾಗೇ ಇನ್ನೊಂದು ಗಂಟೆ ಎರಕ ಹಾಕಿಸಿದರು. ಬಿರುಕು ಮಾತ್ರ ಇಲ್ಲ. ಅದರ ನಾಲಿಗೆಯನ್ನು ಸರಪಳಿಯಿಂದ ಪಕ್ಕಕ್ಕೆ ಬಿಗಿದರು. ಹೆಂಗಸರಿಗೆ ಮತ ಸಿಗುವ ತನಕ ಈ ಗಂಟೆ ದನಿ ಎತ್ತುವುದಿಲ್ಲ ಅಂತ. ಲಾರಿಗೆ ಏರಿಸಿ ರಾಜ್ಯದ 67 ಕೌಂಟಿಗೂ (ನಮ್ಮ ಜಿಲ್ಲೆ ಇದ್ದ ಹಾಗೆ) ಒಯ್ದರು. ಸುಮಾರು 5,000 ಮೈಲಿ. ಆಗಿನ ಮಣ್ಣು ರಸ್ತೆ ನೆನೆಸಿಕೊಳ್ಳಿ.

ನವೆಂಬರ್‌ನಲ್ಲಿ ಸೋತರು. ಸುಮಾರು 55 ಸಾವಿರ ಮತದ ಅಂತರ.

ಖಜಾಂಚಿ ತಿಪಟೂರು

ನಾಲಿಗೆ ಕಟ್ಟಿದ ಗಂಟೆ ಓದಿ ಮೈ ಜುಮ್ ಅಂತು ಅಕ್ಕ. ಆದರೆ ಖಜಾಂಚಿ ಆಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ 2,000 ಡಾಲರ್‌ನಲ್ಲಿ ಎಷ್ಟು ಕರಪತ್ರ ಬರುತ್ತಿತ್ತು? ಎಷ್ಟು ಜನ ಕಾರ್ಯಕರ್ತೆಯರಿಗೆ ಊಟ, ಓಡಾಟ ಆಗುತ್ತಿತ್ತು?

ಫಿಲಡೆಲ್ಫಿಯಾ ಕನ್ನಡತಿ

ತಪ್ಪೇನಿಲ್ಲ, ನನಗೂ ಬಂದ ಪ್ರಶ್ನೆಯೇ. ಆದರೆ ಕರಪತ್ರ ಹಂಚಬೇಕಾದರೆ ಜನ ಸೇರಬೇಕಲ್ಲ. ನಮ್ಮ ಕಡೆ ತೇರು ಬಂದರೆ ಮನೆಯೊಳಗಿನ ಮುದುಕರೂ ಹೊಸ್ತಿಲಿಗೆ ಬರುತ್ತಾರೆ. ಗಂಟೆ ಲಾರಿ ಬಂದಾಗಲೂ ಹಾಗೇ ಜನ ಬಂದರು. ಅದೇ ಲಾರಿಯ ಮೇಲೆ ನಿಂತು ಭಾಷಣ ಮಾಡಿದರು. ದಾನಿ ಕೊಟ್ಟ ವಸ್ತು ಇದು, ಸಂಘದ ಪೆಟ್ಟಿಗೆಯಿಂದ ತೆಗೆದದ್ದಲ್ಲ ಅನ್ನುವುದೂ ಇದೆ.

ಅಕೌಂಟ್ಸ್ ಸೆಕ್ಷನ್

ನಾನು ವೃತ್ತಿಯಿಂದ ಲೆಕ್ಕಪತ್ರದವಳು. ಈ ಚರ್ಚೆ ನೋಡಿ ಖುಷಿ ಆಯ್ತು. ದೊಡ್ಡ ದಾನಿಗಳ ಬಗ್ಗೆ ಯಾರಾದರೂ ಹೇಳುತ್ತಾರೆ, ನಾನು ಚಿಲ್ಲರೆ ಕಾಸಿನ ಬಗ್ಗೆ ಹೇಳುತ್ತೇನೆ.

ವಾಷಿಂಗ್ಟನ್ ರಾಜ್ಯ, 1910. (ರಾಜಧಾನಿ ಅಲ್ಲ, ಪಶ್ಚಿಮ ಕರಾವಳಿಯ ರಾಜ್ಯ.) ಅಲ್ಲಿಯ ಸಂಘಟಕಿ ಎಮಾ ಸ್ಮಿತ್ ಡಿವೋ. ಮೆರವಣಿಗೆ ಬೇಡ, ಗದ್ದಲ ಬೇಡ, ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಒಪ್ಪಿಸೋಣ ಅಂತ ಅವರ ದಾರಿ. ಅಡುಗೆ ಪುಸ್ತಕ ಅಚ್ಚು ಹಾಕಿಸಿ ಮಾರಿದರು. ಎಂಥ ಒಳ್ಳೆ ಉಪಾಯ ನೋಡಿ. ಪುಸ್ತಕ ಕೊಂಡವರ ಕಾಸು ಪ್ರಚಾರಕ್ಕೆ ಬಂತು. ಮತ ಕೇಳುವ ಹೆಂಗಸರು ಮನೆ ಮುರಿಯುವವರು ಅಂತ ಹಬ್ಬಿಸಿದ್ದರಲ್ಲ, ಅದಕ್ಕೆ ಉತ್ತರವೂ ಆಯಿತು. ಪುಸ್ತಕ ಮಾರುವ ನೆಪದಲ್ಲಿ ಮನೆಯೊಳಗೆ ಕಾಲಿಡಲು ಜಾಗವೂ ಸಿಕ್ಕಿತು. ಪರ 52,299, ವಿರುದ್ಧ 29,676. ಭರ್ಜರಿ ಗೆಲುವು.

ಮುಂದಿನ ವರ್ಷ ಕ್ಯಾಲಿಫೋರ್ನಿಯಾ. 1896ರಲ್ಲಿ ಅಲ್ಲಿ ಒಮ್ಮೆ ಸೋತಿದ್ದರು, ಆಂಥನಿ ಖುದ್ದಾಗಿ ಬಂದು ತಿಂಗಳುಗಟ್ಟಲೆ ದುಡಿದರೂ. ಹೆಂಗಸರಿಗೆ ಮತ ಬಂದರೆ ಮದ್ಯ ನಿಷೇಧ ಬರುತ್ತದೆ ಅಂತ ಹೆದರಿ ಮದ್ಯದ ವ್ಯಾಪಾರಿಗಳು ಎದುರು ನಿಂತರು. ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್ ಕಡೆಯ ಮತ ಮುಳುಗಿಸಿತು. 1911ರಲ್ಲಿ ದಾರಿ ಬದಲಾಯಿಸಿದರು. ಪೋಸ್ಟ್‌ಕಾರ್ಡ್, ಬಯಲಲ್ಲಿ ದೊಡ್ಡ ಫಲಕ, ಮೋಟಾರು ಕಾರಿನಲ್ಲಿ ಹಳ್ಳಿ ಸುತ್ತಾಟ. ಸಮಾನತೆ ಚಹಾ ಅಂತ ಹೆಸರಿಟ್ಟು ಟೀ ಪುಡಿ ಪೊಟ್ಟಣ ಕಟ್ಟಿ ಮಾರಿದರು. ಹೋಟೆಲ್‌ಗಳಲ್ಲಿ ಊಟ ಬಡಿಸುವ ಹೆಂಗಸರ ಯೂನಿಯನ್ನಿಗಾಗಿ ದುಡಿದ ಮಾಡ್ ಯಂಗರ್, ಕೂಲಿ ಮಾಡುವ ಹೆಂಗಸರದ್ದೇ ಬೇರೆ ಸಂಘ ಕಟ್ಟಿದರು.

ಎಣಿಕೆಯ ದಿನ ಸ್ಯಾನ್ ಫ್ರಾನ್ಸಿಸ್ಕೋ ಮತ್ತೆ ಕೈಕೊಟ್ಟಿತು. ಸೋತರು ಅಂತ ಪತ್ರಿಕೆಗಳೂ ಬರೆದವು. ಆಮೇಲೆ ಹಳ್ಳಿಗಳ ಲೆಕ್ಕ ಒಂದೊಂದಾಗಿ ಬರತೊಡಗಿತು. ಕೊನೆಗೆ ಪರ 1,25,037, ವಿರುದ್ಧ 1,21,450. ಅಂತರ 3,587. ರಾಜ್ಯದ ಒಂದೊಂದು ಮತಗಟ್ಟೆಗೆ ಸರಾಸರಿ ಒಂದು ಮತ. ಯಾವ ಪೋಸ್ಟ್‌ಕಾರ್ಡಿಗೆ, ಯಾವ ಟೀ ಪೊಟ್ಟಣಕ್ಕೆ ಆ ಒಂದು ಮತ ಬಂತೋ. ಅದಕ್ಕೇ ನಾನು ಚಿಲ್ಲರೆ ಲೆಕ್ಕ ಬಿಡುವುದಿಲ್ಲ.

ಹಾಸನದ ರೈತ

ಮತಗಟ್ಟೆಗೆ ಒಂದು ಮತ! ಗ್ರಾಮ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತವರಿಗೆ ಇದರ ಬೆಲೆ ಗೊತ್ತು.

ಅಕೌಂಟ್ಸ್ ಸೆಕ್ಷನ್

ಪಕ್ಕದ ಆರೆಗನ್ ರಾಜ್ಯದ ಅಬಿಗೇಲ್ ಸ್ಕಾಟ್ ಡನಿವೇ ಅವರನ್ನೂ ಹೇಳಿಬಿಡುತ್ತೇನೆ. ಅಲ್ಲಿ 1884ರಿಂದ ಐದು ಸಲ ಸೋತು ಆರನೇ ಸಲ, 1912ರಲ್ಲಿ, ಗೆದ್ದರು. ಡನಿವೇಗೆ ಆಗ 78 ವರ್ಷ, ಮೈಯಲ್ಲಿ ಆರೋಗ್ಯ ಇರಲಿಲ್ಲ. ಹೆಂಗಸರಿಗೆ ಮತ ಬಂತು ಅನ್ನುವ ಘೋಷಣಾ ಪತ್ರವನ್ನು ನೀವೇ ಬರೆದುಕೊಡಿ ಅಂತ ಗವರ್ನರ್ ಅವರನ್ನೇ ಕೇಳಿಕೊಂಡರು.

ಧಾರವಾಡದ ಮೇಷ್ಟ್ರು

ಈಗ ನ್ಯೂಯಾರ್ಕ್ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಕ್ಯಾಟ್ ಅಲ್ಲಿ 1909ರಲ್ಲಿ ಒಂದು ಪಕ್ಷದ ಹಾಗೆಯೇ ಸಂಘಟನೆ ಕಟ್ಟಿದರು. ರಾಜಕೀಯ ಪಕ್ಷಗಳು ವಾರ್ಡ್, ಬೂತ್ ಅಂತ ಹೇಗೆ ಕೆಲಸ ಮಾಡುತ್ತವೋ ಅದೇ ಚೌಕಟ್ಟು. ನ್ಯೂಯಾರ್ಕ್ ನಗರದಲ್ಲಿ 63 ವಿಧಾನಸಭಾ ಕ್ಷೇತ್ರ, ಒಂದೊಂದಕ್ಕೂ ಒಬ್ಬ ನಾಯಕಿ. ಕೆಳಗೆ 2,000ಕ್ಕೂ ಹೆಚ್ಚು ಮತಗಟ್ಟೆ, ಒಂದೊಂದಕ್ಕೂ ಒಬ್ಬ ಕ್ಯಾಪ್ಟನ್ ಇರಬೇಕು ಅಂತ ಗುರಿ. ಮನೆಮನೆಗೆ ಮೆಟ್ಟಿಲು ಹತ್ತಿ ಹೋಗಬೇಕು. ಯಾರು ಪರ, ಯಾರು ವಿರುದ್ಧ, ಯಾರು ಇನ್ನೂ ತೀರ್ಮಾನಿಸಿಲ್ಲ ಅಂತ ಬರೆದಿಡಬೇಕು.

1915ರಲ್ಲಿ ಸೋತರು. ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚಿನ ಅಂತರ. ತಂಗಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಸೋತ ಎರಡೇ ದಿನಕ್ಕೆ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಸೇರಿದರು. ಅಳಲು ಅಲ್ಲ, ಮುಂದಿನ ಪ್ರಚಾರಕ್ಕೆ ಚಂದಾ ಎತ್ತಲು. ಆ ಸಭೆಯಲ್ಲಿ 1,00,000 ಡಾಲರ್ ಕೊಡುತ್ತೇವೆ ಅಂತ ಮಾತು ಬಂತು.

ಶಾಸನಸಭೆಯಲ್ಲಿ ಮತ್ತೆ ಎರಡು ಸಲ ಪಾಸ್ ಮಾಡಿಸಿದರು. ಹೆಂಗಸರಿಗೇ ಮತ ಬೇಡವಂತೆ ಅಂತ ವಿರೋಧಿಗಳು ಹೇಳುತ್ತಿದ್ದರಲ್ಲ, ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಹೆಂಗಸರ ಸಹಿ ಹಾಕಿಸಿದರು. 1917ರ ಅಕ್ಟೋಬರ್‌ನಲ್ಲಿ ಆ ಸಹಿಗಳನ್ನು ದೊಡ್ಡ ಫಲಕಗಳಿಗೆ ಅಂಟಿಸಿ, ಫಿಫ್ತ್ ಅವೆನ್ಯೂ ಉದ್ದಕ್ಕೂ ಹೊತ್ತು ನಡೆದರು. ನವೆಂಬರ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತದಿಂದ ಗೆದ್ದರು. ಆ ಅಂತರ ಪೂರ್ತಿ ಬಂದದ್ದು ನಗರದಿಂದ, ಅಂದರೆ ಮೆಟ್ಟಿಲು ಹತ್ತಿದ ಕಡೆಯಿಂದ.

ಮಂಡ್ಯ ಎಂಬಿಎ

ಸರ್, ಮಿರಿಯಮ್ ಲೆಸ್ಲಿ ಅವರನ್ನು ಬಿಟ್ಟಿರಲ್ಲ. ಗಂಡ ಸತ್ತ ಮೇಲೆ ಅವನ ಪತ್ರಿಕೆಗಳ ವ್ಯಾಪಾರವನ್ನು ಸಾಲದಿಂದ ಎತ್ತಿ ನಿಲ್ಲಿಸಿದ ಹೆಂಗಸು. 1914ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಪಾಲನ್ನು ಈ ಕೆಲಸಕ್ಕೆ ಅಂತ ಕ್ಯಾಟ್ ಹೆಸರಿಗೆ ಬರೆದಿದ್ದರು. ಸುಮಾರು 20 ಲಕ್ಷ ಡಾಲರ್ ಆಸ್ತಿ. ನೆಂಟರು ಕೋರ್ಟಿಗೆ ಹೋದರು. ವಕೀಲರ ಫೀಸು, ರಾಜಿ ಅಂತ ಅರ್ಧ ಕರಗಿ ಕ್ಯಾಟ್ ಕೈಗೆ ಸುಮಾರು 10 ಲಕ್ಷ ಉಳಿಯಿತು. ಅಷ್ಟು ದುಡ್ಡಿಲ್ಲದೆ 1920 ಆಗುತ್ತಿರಲಿಲ್ಲ. ಟೀ ಪುಡಿ ಮಾರಿ ದೇಶ ಗೆಲ್ಲಲು ಆಗುತ್ತಾ?

ಆಲ್ವಾ ಬೆಲ್ಮಾಂಟ್ ಕೂಡ ಇದ್ದರು. ರಾಷ್ಟ್ರೀಯ ಸಂಘದ ಮುಖ್ಯ ಕಚೇರಿ ಒಹಾಯೊದ ವಾರೆನ್ ಅನ್ನುವ ಸಣ್ಣ ಊರಿನಲ್ಲಿತ್ತು. 1909ರಲ್ಲಿ ನ್ಯೂಯಾರ್ಕಿಗೆ ಬಂದದ್ದು ಅವರ ದುಡ್ಡಿನಿಂದ.

ಅಕೌಂಟ್ಸ್ ಸೆಕ್ಷನ್

ತಾರೀಕು ನೋಡಿ ಮಾತಾಡೋಣ. ಲೆಸ್ಲಿ ಅವರ ದುಡ್ಡು ಕೈಗೆ ಬರಲು ಶುರುವಾದದ್ದು 1917ರಲ್ಲಿ. ಅಷ್ಟರೊಳಗೆ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಆರೆಗನ್, ಅರಿಜೋನಾ, ಕಾನ್ಸಸ್, ಮೊಂಟಾನಾ, ನೆವಾಡಾ ಗೆದ್ದಾಗಿತ್ತು. ಮೊಂಟಾನಾದ ಪ್ರಚಾರ ನಡೆಸಿದ ಜೆನೆಟ್ ರಾಂಕಿನ್ ಕಾಂಗ್ರೆಸ್‌ಗೇ ಆರಿಸಿ ಹೋಗಿದ್ದರು. ಇವೆಲ್ಲ ಚಿಲ್ಲರೆ ಕಾಸಿನಲ್ಲಿ, ಸಂಬಳ ಇಲ್ಲದ ದುಡಿಮೆಯಲ್ಲಿ ಆದದ್ದು. ದೊಡ್ಡ ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಹಾಕಲು ಪಾತ್ರೆ ಮೊದಲೇ ಸಿದ್ಧವಿತ್ತು ಅನ್ನುತ್ತಿದ್ದೇನೆ.

ಮಂಡ್ಯ ಎಂಬಿಎ

ಒಪ್ಪಿದೆ ಮೇಡಂ. ಆದರೂ ಕೊನೆಯ ಮೂರು ವರ್ಷಕ್ಕೆ ಆ ದುಡ್ಡು ಬೇಕೇ ಬೇಕಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಟ್ರೇನ್ ದುಡ್ಡಿಗೂ ಲೆಸ್ಲಿ ದುಡ್ಡಿಗೂ ಒಂದು ವ್ಯತ್ಯಾಸ ಇದೆ. ಅವನು ಮೈಕ್ ಮುಂದೆ ತಾನೇ ನಿಂತ. ಈಕೆ ಹೇಗೆ ಖರ್ಚು ಮಾಡಬೇಕು ಅನ್ನುವುದನ್ನು ಕ್ಯಾಟ್‌ಗೆ ಬಿಟ್ಟು ಹೋದರು.

ಧಾರವಾಡದ ಮೇಷ್ಟ್ರು

1867ರಲ್ಲಿ ಮೈಕ್ ಇರಲಿಲ್ಲ ಅನ್ನುವುದೊಂದು ಬಿಟ್ಟರೆ ನಿಮ್ಮ ಮಾತು ಖರೆ. ನಾನು ಇದನ್ನು ಹೀಗೆ ನೋಡಿರಲಿಲ್ಲ.

ನೀಲಿ ಶಾಯಿ

ಈ ಎಲ್ಲ ಲೆಕ್ಕದಲ್ಲಿ ಒಂದು ಕಾಲಂ ಖಾಲಿ ಇದೆ. ಕಪ್ಪು ಹೆಂಗಸರು.

ದಕ್ಷಿಣದ ರಾಜ್ಯಗಳ ಬಿಳಿಯರನ್ನು ಎದುರು ಹಾಕಿಕೊಳ್ಳಬಾರದು ಅಂತ ರಾಷ್ಟ್ರೀಯ ಸಂಘ ಅವರನ್ನು ದೂರವೇ ಇಟ್ಟಿತು. 1913ರ ಮಾರ್ಚ್ 3ರಂದು ರಾಜಧಾನಿಯಲ್ಲಿ ದೊಡ್ಡ ಮೆರವಣಿಗೆ. ಶಿಕಾಗೋದಿಂದ ಬಂದ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ, ನೀವು ಹಿಂದೆ ಕಪ್ಪು ಹೆಂಗಸರ ಸಾಲಿನಲ್ಲಿ ಬನ್ನಿ ಅಂದರು. ಅವರು ಜನರ ನಡುವೆ ಕಾದು ನಿಂತಿದ್ದು, ಇಲಿನಾಯ್ ತಂಡ ಎದುರಿಗೆ ಬಂದಾಗ ನೇರ ಅದರೊಳಗೆ ಹೆಜ್ಜೆ ಹಾಕಿದರು.

ಅದೇ ವರ್ಷ ಅವರು ಶಿಕಾಗೋದಲ್ಲಿ ಆಲ್ಫಾ ಸಫ್ರೇಜ್ ಕ್ಲಬ್ ಕಟ್ಟಿದ್ದರು. ಆ ಬೇಸಿಗೆಯಲ್ಲಿ ಇಲಿನಾಯ್ ಶಾಸನಸಭೆ ಅಧ್ಯಕ್ಷೀಯ ಚುನಾವಣೆಗೂ ಹಲವು ಸ್ಥಳೀಯ ಹುದ್ದೆಗಳಿಗೂ ಹೆಂಗಸರಿಗೆ ಮತ ಕೊಟ್ಟಿತು. ಕ್ಲಬ್ಬಿನ ಹೆಂಗಸರು ಬೀದಿ ಬೀದಿ ಹಂಚಿಕೊಂಡು ಕದ ತಟ್ಟಿ ಹೆಸರು ನೋಂದಾಯಿಸಿದರು. ಗಂಡಸರು ಹೀಯಾಳಿಸಿದರೂ ಬಿಡಲಿಲ್ಲ. 1915ರಲ್ಲಿ ಆ ನಗರಸಭೆಗೆ ಮೊದಲ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟ್ ಗೆದ್ದರು. ಆ ಗೆಲುವಿನಲ್ಲಿ ಈ ಹೆಂಗಸರ ಪಾಲು ದೊಡ್ಡದು.

1920ರ ನಂತರವೂ ದಕ್ಷಿಣದಲ್ಲಿ ತಲೆತೆರಿಗೆ, ಅಕ್ಷರ ಪರೀಕ್ಷೆ, ಬೆದರಿಕೆ ಹಾಕಿ ಕಪ್ಪು ಹೆಂಗಸರನ್ನು ಮತಗಟ್ಟೆಯಿಂದ ದೂರ ಇಟ್ಟರು. ಅದನ್ನು ತಡೆಯಲು 1965ರ ಮತದಾನ ಹಕ್ಕಿನ ಕಾನೂನು ಬರಬೇಕಾಯಿತು. ಮತದ ಹಕ್ಕು 1920ರಲ್ಲಿ ಸಿಕ್ಕಿತು ಅಂತ ಬರೆಯುವಾಗ ಯಾರಿಗೆ ಅಂತಲೂ ಬರೆಯಬೇಕು.

ಖಜಾಂಚಿ ತಿಪಟೂರು

ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮ ಸಂಘದಲ್ಲೂ ಮೊದಲು ಒಂದು ಕೇರಿಯವರನ್ನು ಕರೆಯುತ್ತಿರಲಿಲ್ಲ. ಸರಿ ಮಾಡಲು ಎರಡು ವರ್ಷ ಜಗಳ ಆಡಿದೆವು.

ಕುಡ್ಲದವಳು

ಹೀಗೆ ಒಂದೊಂದು ಪ್ರಾಂತ್ಯಕ್ಕೆ ಹೋಗಿ ಕೇಳುವ ಪಾಡು ನಮ್ಮಲ್ಲೂ ಇತ್ತು. 1917ರ ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗ ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. ಬ್ರಿಟಿಷರ 1919ರ ಭಾರತ ಸರ್ಕಾರ ಕಾಯ್ದೆ ನೇರವಾಗಿ ಕೊಡಲಿಲ್ಲ, ಆಯಾ ಪ್ರಾಂತ್ಯದ ಶಾಸನಸಭೆ ತೀರ್ಮಾನಿಸಲಿ ಅಂತ ಬಿಟ್ಟಿತು. ಮತ್ತೆ ಅಲೆದಾಟ. 1921ರಲ್ಲಿ ಮೊದಲು ಮದರಾಸು ಒಪ್ಪಿತು, ಅದೇ ವರ್ಷ ಮುಂಬಯಿ.

ಆಗ ಕನ್ನಡದವರು ಹಂಚಿ ಹೋಗಿದ್ದೆವಲ್ಲ. ಹಾಗಾಗಿ ಮಂಗಳೂರಿನ ಹೆಂಗಸಿಗೆ ಮದರಾಸು ಪ್ರಾಂತ್ಯದ ತೀರ್ಮಾನ, ಧಾರವಾಡದ ಹೆಂಗಸಿಗೆ ಮುಂಬಯಿಯದ್ದು. ಮೈಸೂರು ಸಂಸ್ಥಾನ ಒಂದೆರಡು ವರ್ಷದಲ್ಲಿ ತನ್ನದೇ ದಾರಿಯಲ್ಲಿ ಕೊಟ್ಟಿತು. ಎಲ್ಲ ಕಡೆಯೂ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಕೂಲಿಯ ಹೆಂಗಸಿಗೆ ಸಂವಿಧಾನ ಬರುವ ತನಕ ಕಾಯಬೇಕಾಯಿತು.

1926ರಲ್ಲಿ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಐರ್ಲೆಂಡ್ ಮೂಲದ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಒತ್ತಾಸೆಯಾಗಿ ನಿಂತರು. ಕಮಲಾದೇವಿ ಸೋತರು, ಸ್ವಲ್ಪವೇ ಮತದಿಂದ.

ಖಜಾಂಚಿ ತಿಪಟೂರು

ಭಾನುವಾರ ಸಂಘದ ಸಭೆಯಲ್ಲಿ ನಿಮ್ಮೆಲ್ಲರ ಮಾತನ್ನು ಓದಿ ಹೇಳಿದೆ. ಕೂಪರ್ ಯೂನಿಯನ್ ವಿಷಯ ಬಂದಾಗ ಎಲ್ಲರೂ ಇನ್ನೊಂದು ಸಲ ಓದು ಅಂದರು. ಆಮೇಲೆ ಚರ್ಚೆ ಮಾಡಿ ಲೆಕ್ಕದ ಪುಸ್ತಕದಲ್ಲಿ ಹೊಸ ಕಾಲಂ ಎಳೆದೆವು. ಕೂಲಿ ನಷ್ಟ ಅಂತ ಹೆಸರು. ತಿಂಗಳಿಗೆ ಒಬ್ಬೊಬ್ಬರು ಇಪ್ಪತ್ತು ರೂಪಾಯಿ. ಅರ್ಜಿ ಹಿಡಿದು ಹೋಗುವ ದಿನ ಯಾರ ಕೂಲಿ ತಪ್ಪುತ್ತದೋ ಅವರಿಗೆ ಅದರಿಂದ ಕೊಡುವುದು. ಎಂಟನೇ ಸಲಕ್ಕೆ ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ.

ನಮ್ಮ ಹಿರಿಯ ಸದಸ್ಯೆ ಒಬ್ಬರು ಕೊನೆಯ ತನಕ ಸುಮ್ಮನಿದ್ದು ಆಮೇಲೆ ಕೇಳಿದರು: ಆ ಗಂಟೆಯ ಸರಪಳಿ ಬಿಚ್ಚಿದರೇನಮ್ಮ? ನನಗೆ ಗೊತ್ತಿರಲಿಲ್ಲ. ಫಿಲಡೆಲ್ಫಿಯಾ ಅಕ್ಕ, ಹೇಳುತ್ತೀರಾ?

ಫಿಲಡೆಲ್ಫಿಯಾ ಕನ್ನಡತಿ

ಬಿಚ್ಚಿದರು ಅಂತ ಆ ಅಜ್ಜಿಗೆ ಹೇಳಿ. 1920ರ ಆಗಸ್ಟ್‌ನಲ್ಲಿ ಟೆನೆಸ್ಸೀ ರಾಜ್ಯವೂ ಒಪ್ಪಿ, ತಿದ್ದುಪಡಿಗೆ ಬೇಕಾದ 36 ರಾಜ್ಯ ತುಂಬಿತು. ಸೆಪ್ಟೆಂಬರ್ 25ರಂದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಸ್ಕ್ವೇರ್‌ನಲ್ಲಿ ಜನ ಸೇರಿದರು. ಗಂಟೆ ಮಾಡಿಸಿದವರ ಸೋದರ ಸಂಬಂಧಿ ಹುಡುಗಿ ಅದನ್ನು ಬಾರಿಸಿದಳು. ದೇಶದಲ್ಲಿ ಆಗ ಇದ್ದ ಒಂದೊಂದು ರಾಜ್ಯಕ್ಕೆ ಒಂದರಂತೆ, 48 ಸಲ.